ಮಧ್ಯಾಹ್ನ ಮಲಗುವ ವೆಬ್‌ಸೈಟು

ಗಿರಾಕಿಗಳು ಬರಬಾರದೆಂದೇ ವೆಬ್‌ಸೈಟು ಮಾಡಿಸಿದ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ನಮ್ಮ ಕಾಕಾ! ನಂಬಿಕೆ ಬಾರದಿದ್ದರೆ ಖಾನಾಪುರಕ್ಕೆ ಹೋಗಿ ಅವರನ್ನೇ ಕೇಳಿ. ಆದರೆ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಮಾತ್ರ ಹೋಗಬೇಡಿ. ಆಗ ಅವರು ಮಲಗಿರುತ್ತಾರೆ. ಎಬ್ಬಿಸಿದವರಿಗೆ ಬೈಗುಳ ಪುಕ್ಕಟೆ.

ಕಾಕಾನದು ಗಡಿಗೆ, ಕುಂಡ ಸುಡುವ ಭಟ್ಟಿ. ಅದನ್ನು ಕಟ್ಟಿದ್ದು ಅವರೂ, ಅವರ ಅಣ್ಣನಾದ ನಮ್ಮಪ್ಪನೂ ಕೂಡಿ. ನಾನು ಕಾಲೇಜಿನಲ್ಲಿದ್ದಾಗ ಅಣ್ಣತಮ್ಮಂದಿರಿಗೆ ಜಗಳವಾಯಿತು. ಕಾರಣ ಕೇಳಿ ನಗಬೇಡಿ: ನೀರಿನ ಗಡಿಗೆಗೆ ನಳ ಕೂಡಿಸಬೇಕೋ ಬೇಡವೋ! ಅಪ್ಪ ಬೇಕೆಂದರು, ಕಾಕಾ ಬೇಡವೆಂದರು. ನಳದಿಂದ ಶುರುವಾದ ಮಾತು, ಯಾರ ಹೆಂಡತಿ ಯಾರಿಗೆ ಏನು ಅಂದಿದ್ದಳು ಎಂಬಲ್ಲಿಯವರೆಗೆ ಹರಿಯಿತು. ಅಪ್ಪ ನಮ್ಮನ್ನು ಕರೆದುಕೊಂಡು ಬೆಳಗಾವಿಗೆ ಬಂದು ಒಂದು ಸಿಮೆಂಟ್ ಗೋದಾಮು ಕಾಯುವ ಕೆಲಸಕ್ಕೆ ನಿಂತರು. ಮತ್ತೆ ಮಣ್ಣು ಮುಟ್ಟಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಕಾಕಾ ಮಣ್ಣಿಗೆ ಬಂದರು, ಸ್ಮಶಾನದ ಗೇಟಿನ ಹೊರಗೇ ನಿಂತರು, ಯಾರೊಡನೆಯೂ ಮಾತಾಡದೆ ಹೋದರು.

ಅಂಥವರು ಒಂದು ದಿನ ನನಗೆ ಫೋನ್ ಮಾಡಿ, "ನೀ ವೆಬ್‌ಸೈಟ್ ಮಾಡ್ತಿಯಂತಲ್ಲ, ನಮಗೂ ಒಂದ ಮಾಡಿ ಕೊಡ ಬೇ" ಎಂದರು. ಎಷ್ಟು ಧೈರ್ಯ! ನಾನಂತೂ ಹೋಗುವವಳಲ್ಲ. ಅವ್ವನೇ, "ಹೋಗ, ಆ ಭಟ್ಟಿ ನಿಮ್ಮಪ್ಪಂದೂ ಐತಿ" ಎಂದು ಅಟ್ಟಿದಳು.

ಹೋದವಳು ಒಂದು ಹಾಳೆಯ ನಡುವೆ ಗೆರೆ ಎಳೆದೆ. "ಕಾಕಾ, ಈ ಕಡಿ ಬೇಕೇಬೇಕು ಅನ್ನೂವು, ಆ ಕಡಿ ಇದ್ರ ಇರ್ಲಿ ಅನ್ನೂವು. ಹೇಳ್ರಿ. ಫೋನ್ ನಂಬರ್ ಯಾವ ಕಡಿ?"

"ಎರಡೂ ಕಡಿ ಬ್ಯಾಡ."

"ಯಾಕ್ರಿ?"

"ಮಂದಿ ಫೋನ್ ಮಾಡ್ತಾರ!"

"ಹೋಗ್ಲಿ, ಗಡಿಗಿ ಫೋಟೋ?"

"ಇದ್ರ ಇರ್ಲಿ. ಗಡಿಗಿ ಬಡದ ನೋಡಿ ಒಯ್ಯಬೇಕ. ಫೋಟೋ ಬಡದ್ರ ಸಪ್ಪಳ ಬರ್ತೈತೇನ?"

"ಮತ್ತ ಬೇಕೇಬೇಕಾದ್ದ ಏನರ ಐತೇನ್ರಿ?"

"ಐತಿ. ಮಧ್ಯಾಹ್ನ ಒಂದರಿಂದ ನಾಕರ ತನಕ ಬಂದ್ ಇರಬೇಕ."

"ವೆಬ್‌ಸೈಟ್ ಬಂದ್ ಇಡೂದಿಲ್ರಿ ಕಾಕಾ!"

"ಯಾಕ, ಅದಕ್ಕ ಕಣ್ಣ ಎಳಿಯೂದಿಲ್ಲೇನ?"

ಬೇಕೇಬೇಕು ಅನ್ನುವ ಕಡೆ ಬಂದ ಎರಡನೆಯ ಸಂಗತಿ ಭಾಷೆ. ಗಡಿಯ ಊರಲ್ಲವೇ, ಕನ್ನಡವೂ ಇರಬೇಕು, ಮರಾಠಿಯೂ ಇರಬೇಕು. ಆದರೆ ಯಾವುದೂ ಯಾವುದರ ಮೇಲೂ ಕೂಡಬಾರದು, ಬಾಜು ಬಾಜು ಇರಬೇಕು. ಒಂದು ಮಾದರಿ ಮಾಡಿ ತೋರಿಸಿದೆ. ಕಂಪ್ಯೂಟರಿನಲ್ಲಿ ಬಾಜು ಬಾಜು ಚೆನ್ನಾಗಿಯೇ ಕೂತವು. ಮೊಬೈಲಿನಲ್ಲಿ ಒಂದರ ಕೆಳಗೊಂದು ಬಂದವು ನೋಡಿ, ಕಾಕಾ ಹೌಹಾರಿದರು. "ನನ್ನ ಅಂಗಡಿಗಿ ಕಲ್ಲ ಒಗಸಾಕ ಬಂದಿಯೇನ?" ಮೊಬೈಲನ್ನು ಅಡ್ಡ ಹಿಡಿದು ನೋಡಿ ಎಂದು ಬರೆದರಾಯಿತು ಎಂದೆ. ಅದನ್ನು ಯಾವ ಭಾಷೆಯಲ್ಲಿ ಮೊದಲು ಬರೆಯುವುದು? ಅರ್ಧ ದಿನ ಚರ್ಚೆಯಾಯಿತು. ಕೊನೆಗೆ ಅಡ್ಡ ಮಲಗಿದ ಮೊಬೈಲಿನ ಚಿತ್ರವೊಂದನ್ನು ಹಾಕಿ ಕೈತೊಳೆದುಕೊಂಡೆ. ಎಲ್ಲರೂ ಅದನ್ನು ಜಾಹೀರಾತು ಅಂದುಕೊಳ್ಳುತ್ತಾರೆ!

ಇಲ್ಲಿಯವರೆಗೆ ನಗುವೇ ಇತ್ತು. ಆಮೇಲೆ ನಾನು, "ನಮ್ಮ ಬಗ್ಗೆ ಅಂತ ಒಂದ ಪುಟ ಇರತೈತ್ರಿ. ಭಟ್ಟಿ ಯಾರ ಕಟ್ಟಿದ್ರು ಅನ್ನೂದು ಅಲ್ಲಿ ಬರಬೇಕ. ಅಪ್ಪನ ಹೆಸರ ಮೊದಲ ಬರೀಲೇನ್ರಿ?" ಎಂದು ಕೇಳಿದೆ.

ಕಾಕಾ ಅಂಗಳದಲ್ಲಿ ಒಣಗಲಿಟ್ಟ ಕುಂಡಗಳನ್ನು ನೋಡುತ್ತ, "ಅದನ್ನ ಆ ಕಡಿ ಬರಿ" ಎಂದರು.

"ಯಾವ ಕಡಿ?"

"ಇದ್ರ ಇರ್ಲಿ ಅನ್ನೂ ಕಡಿ."

ನಾನು ಪೆನ್ನು ಕೆಳಗಿಟ್ಟೆ. "ಭಟ್ಟಿ ಕಟ್ಟಿದವ್ರ ಅವರ್ರಿ, ಕಾಕಾ."

"ಕಟ್ಟಿ, ಬಿಟ್ಟ ಹೋದಾವನೂ ಅವನ."

ಚಹಾ ತಂದ ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲೇ ನಿಂತಳು. ನಾನು ಚಹಾ ಮುಟ್ಟದೆ ಎದ್ದುಬಂದೆ. ಬಸ್ಸು ಬೆಳಗಾವಿ ಮುಟ್ಟುವವರೆಗೂ, ಅನ್ನಬೇಕಾಗಿದ್ದ ಮಾತುಗಳನ್ನೆಲ್ಲ ಹಲ್ಲಿನಲ್ಲೇ ಅರೆದೆ. ಅಪ್ಪ ಹದಿನೆಂಟನೆಯ ವಯಸ್ಸಿನಲ್ಲಿ ತಲೆಯ ಮೇಲೆ ಮಣ್ಣು ಹೊತ್ತದ್ದು, ಈ ತಮ್ಮನನ್ನು ಶಾಲೆಗೆ ಕಳಿಸಿದ್ದು, ಎಲ್ಲವೂ ಇದ್ದರೆ ಇರಲಿ ಅನ್ನುವ ಬಾಬತ್ತೇ? ಮುಂದಿನ ವಾರ ಅವರು ಹೇಳಿದಂತೆಯೇ ಕೆಲಸ ಮುಗಿಸಿಕೊಟ್ಟೆ. ಅಪ್ಪನ ಹೆಸರನ್ನು ಅವರಿಗೆ ತಿಳಿಯದಂತೆ ಸೇರಿಸಬಹುದಿತ್ತು. ಕದ್ದು ಸೇರಿಸುವ ದೈನ್ಯ ನಮ್ಮಪ್ಪನಿಗೇಕೆ? ವೆಬ್‌ಸೈಟು ಈಗಲೂ ಇದೆ. ಸರಿಯಾಗಿ ಒಂದು ಗಂಟೆಗೆ "ಮಾಲಕರು ಮಲಗಿದ್ದಾರೆ" ಎಂದು ತೋರಿಸಿ ಮುಚ್ಚಿಕೊಳ್ಳುತ್ತದೆ.

ಒಂದು ತಿಂಗಳು ಕಳೆದಿರಬೇಕು. ರವಿವಾರ ಮುಂಜಾನೆ ಬಾಗಿಲು ತೆರೆದರೆ ಕಾಕಾ ನಿಂತಿದ್ದರು! ಬೆಳಗಾವಿಯ ಈ ಮನೆಯ ಹೊಸ್ತಿಲನ್ನು ಅವರು ಎಂದೂ ತುಳಿದವರಲ್ಲ. ಅವ್ವ ಸೆರಗು ಸರಿಮಾಡಿಕೊಂಡು, "ಬರ್ರಿ, ಒಳಗ ಕುಂದರ್ರಿ" ಎಂದಳು. ಕುರ್ಚಿಯ ತುದಿಗೆ ಕುಳಿತರು.

"ವೈನಿ, ಜಾಂಬೋಟಿ ಕಡಿಂದ ಒಬ್ಬ ಹಳೇ ಗಿರಾಕಿ ಬಂದಿದ್ದ. ವೆಬ್‌ಸೈಟ್ ನೋಡಿದ್ನಂತ. ನಿಮ್ಮ ಅಣ್ಣಾರ ಹೆಸರ ಕಾಣಲಿಲ್ಲಲ್ರಿ, ಹೆಂಗದಾರ ಅಂದ. ನಾ, ಆರಾಮ ಅದಾನ ಅಂದ್ನಿ. ಯಾಕ ಹಂಗ ಅಂದೆನೋ ಗೊತ್ತಿಲ್ಲ."

ಕಾಕಾ ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ದವಾಖಾನ್ಯಾಗ ಇದ್ದಾಗ ನನ್ನ ಕೇಳಿದ್ನೇನ?"

ನಾಲ್ಕು ವರ್ಷದಿಂದ ನಾನು ಕಾದದ್ದು ಈ ಪ್ರಶ್ನೆಗೇ. ಉತ್ತರವೂ ಸಿದ್ಧವಿತ್ತು: ಇಲ್ಲ. ಅದು ನಿಜವೂ ಆಗಿತ್ತು. ಆಸ್ಪತ್ರೆಯಲ್ಲಿ ಅಪ್ಪ ನೀರು ಕೇಳಿದರು, ಕಿಟಕಿ ತೆರೆಯಲು ಹೇಳಿದರು, ಪಕ್ಕದ ಹಾಸಿಗೆಯವನ ಊರು ಯಾವುದೆಂದು ವಿಚಾರಿಸಿದರು. ತಮ್ಮನ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಹೇಳಿಬಿಡೋಣವೆಂದು ತಲೆ ಎತ್ತಿದೆ. ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕೇಳಿದ್ರು, ಕಾಕಾ."

"ಏನಂತ?"

ಎರಡನೆಯ ಸುಳ್ಳಿಗೆ ನಾನು ತಯಾರಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ತಮ್ಮ ಊಟ ಮಾಡಿದ್ನೇನ ಅಂತ."

ಅವ್ವ ನನ್ನ ಮುಖವನ್ನೊಮ್ಮೆ ನೋಡಿ, ಅಡುಗೆಮನೆಗೆ ಹೋದಳು. ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕಣ್ಣುಗಳು ತುಂಬಿ ಬಂದಿದ್ದವು. ಆಮೇಲೆ ಒಮ್ಮೆಲೇ ನನ್ನ ಮೇಲೆ ಹರಿಹಾಯ್ದರು:

"ಮತ್ತ, ಮಾಡ್ಯಾನ ಅಂತ ಹೇಳಬೇಕಿಲ್ಲೇನ, ಹುಚ್ಚಿ! ಅವ ಸುಮ್ಮ ಉಪಾಸ ನನ್ನ ಕಾಯ್ಕೋತ ಕುಂತಿರ್ತಾನ!"