ಚೆನ್ನಪ್ಪ ಕುಂದರನ ಇನ್ನೂರು ಬಂಧುಗಳು

ಆ ಆದಿತ್ಯವಾರ ಚೆನ್ನಪ್ಪ ಕುಂದರನ ಇಸ್ತ್ರಿಪೆಟ್ಟಿಗೆ ಸರಿ ಇದ್ದಿದ್ದರೆ ಇನ್ನೂರು ಜನರ ಒಂದು ಕುಟುಂಬ ಇವತ್ತಿಗೂ ಒಟ್ಟಿಗೇ ಇರುತ್ತಿತ್ತು.

ಪೆಟ್ಟಿಗೆ ಬಿಸಿಯಾಗಲಿಲ್ಲ. ತಟ್ಟಿದ, ಅಲ್ಲಾಡಿಸಿದ, ವಯರನ್ನು ಸುತ್ತಿ ಬಿಚ್ಚಿದ. ಅದು ಸತ್ತ ಮೀನಿನ ಹಾಗೆ ತಣ್ಣಗೇ ಬಿದ್ದಿತ್ತು. ಕೊನೆಗೆ ನೀಲಿ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ಬಾಗಿಯಕ್ಕನ ಬಾಗಿಲು ತಟ್ಟಿದ.

ಚೆನ್ನಪ್ಪನಿಗೆ ಐವತ್ತು ದಾಟಿತ್ತು. ಅಮ್ಮ ಇದೇ ಬೋಳಾರದವಳು. ಅವನಿಗೆ ಬುದ್ಧಿ ಬಲಿಯುವ ಮೊದಲೇ ತೀರಿಕೊಂಡಿದ್ದಳು. ಮುಂಬಯಿಯ ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದ ಅಪ್ಪ ಅವನನ್ನು ಅಲ್ಲೇ ಬೆಳೆಸಿದರು. ಅಪ್ಪನೂ ಹೋದ ಮೇಲೆ ಅವನು ದಮ್ಮಾಮಿಗೆ ಹೋಗಿ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆದ. ಅಲ್ಲಿ ಎಷ್ಟೋ ವರ್ಷ ಒಂದೊಂದು ಬೋಲ್ಟಿಗೂ ಅದರದ್ದೇ ನಟ್ಟು ಹುಡುಕಿಕೊಟ್ಟವನು ತನಗೊಂದು ಜೋಡಿ ನೋಡಿಕೊಳ್ಳಲು ಮರೆತೇಬಿಟ್ಟಿದ್ದ. ಊರಿಗೆ ಬಂದು ಅಮ್ಮ ಹುಟ್ಟಿದ ಜಾಗ ಎಂಬ ಒಂದೇ ಕಾರಣಕ್ಕೆ ಬೋಳಾರದಲ್ಲಿ ಬಾಡಿಗೆ ಮನೆ ಹಿಡಿದ. ಈ ಮಂಗಳೂರಿನಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೂಡ ಅರ್ಧ ದಾರಿಯಲ್ಲಿ ಪರಸ್ಪರ ಸಂಬಂಧಿಕರಾಗಿಬಿಡುತ್ತಾರೆ. ಚೆನ್ನಪ್ಪನಿಗೆ ಮಾತ್ರ ಯಾರೂ ಸಿಗಲಿಲ್ಲ. ಬೆಳಿಗ್ಗೆ ಬೇಯಿಸಿದ ಅನ್ನವನ್ನೇ ಸಂಜೆಯೂ ತಿನ್ನುತ್ತಿದ್ದ. ಬ್ಯಾಂಕಿಗೆ ಫೋನ್ ಮಾಡಿದಾಗ ರೆಕಾರ್ಡಿಂಗಿನ ಹೆಂಗಸು ‘ಧನ್ಯವಾದಗಳು’ ಅಂದರೆ ಇವನು ‘ಪರ್ವಾಗಿಲ್ಲ, ಪರ್ವಾಗಿಲ್ಲ’ ಅನ್ನುತ್ತಿದ್ದ.

ಹೀಗಿರುವಾಗ ನಾಲ್ಕು ತಿಂಗಳ ಹಿಂದೆ ಫೇಸ್‌ಬುಕ್ಕಿನಲ್ಲಿ ಏನೋ ಒತ್ತಲು ಹೋಗಿ ಇನ್ನೇನೋ ಒತ್ತಿ ‘ವಿಶ್ವ ಕುಂದರ್ ಬಂಧುಗಳು’ ಎಂಬ ಗುಂಪಿನೊಳಗೆ ಬಿದ್ದ. ಮುಂಬಯಿಯ ಹಿತೇಶ್ ಕುಂದರ್ ಅದರ ಅಡ್ಮಿನ್. ಪುಣೆ, ದುಬೈ, ಮಸ್ಕತ್ ಎಂದು ಎಲ್ಲೆಲ್ಲಿಯೋ ಇದ್ದ ಇನ್ನೂರು ಕುಂದರರು ಅಲ್ಲಿ ಸೇರಿ ವಂಶವೃಕ್ಷ ಕಟ್ಟುತ್ತಿದ್ದರು. ಒಬ್ಬರು ಹಳೇ ಕಪ್ಪುಬಿಳುಪು ಫೋಟೋ ಹಾಕಿದರೆ ಉಳಿದವರು ಅದರಲ್ಲಿರುವ ಮೂಗು ಯಾರದು, ಗಲ್ಲ ಯಾರದು ಎಂದು ಪಾಲು ಮಾಡಿಕೊಳ್ಳುತ್ತಿದ್ದರು. ಚೆನ್ನಪ್ಪನ ಕಿವಿ ಯಾರದೋ ಮುತ್ತಜ್ಜನ ಕಿವಿಯ ಹಾಗೆಯೇ ಇದೆಯೆಂದು ಮಸ್ಕತ್ತಿನವರೊಬ್ಬರು ತೀರ್ಪು ಕೊಟ್ಟ ಮೇಲೆ ಅವನು ವಾರವಿಡೀ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿಯೇ ನೋಡಿಕೊಂಡ.

ಆ ಗುಂಪಿನಲ್ಲೇ ಕೂಳೂರಿನ ಸುಗಂಧಿ ಕುಂದರ್ ಇದ್ದಳು. ನಲವತ್ತೈದರ ಆಸುಪಾಸು. ಮನೆಯಲ್ಲೇ ಹೊಲಿಗೆ ಕಲಿಸುತ್ತಿದ್ದಳು; ಹಿಂದೆ ಮುಂದೆ ಯಾರೂ ಇಲ್ಲ. ಮೊದಮೊದಲು ಇಬ್ಬರೂ ಫೋನಿನಲ್ಲಿ ಅಜ್ಜಂದಿರ ಬಗ್ಗೆ ಮಾತಾಡಿದರು. ಆಮೇಲೆ ಅಜ್ಜಂದಿರು ಹಿಂದೆ ಉಳಿದರು, ‘ಊಟ ಆಯ್ತಾ?’ ಬಂತು. ಆ ಎರಡು ಶಬ್ದ ಕೇಳಲಿಕ್ಕೆಂದೇ ಚೆನ್ನಪ್ಪ ಸಂಜೆಯಾಗುವುದನ್ನು ಕಾಯುತ್ತಿದ್ದ. ಆದರೆ ಹಿತೇಶ್ ಗುಂಪಿನ ನೆತ್ತಿಯ ಮೇಲೆಯೇ ಬರೆದಿಟ್ಟಿದ್ದ: ‘ನಾವೆಲ್ಲ ಒಂದೇ ರಕ್ತ. ಇಲ್ಲಿ ಎಲ್ಲರೂ ಅಣ್ಣತಮ್ಮಂದಿರು, ಅಕ್ಕತಂಗಿಯರು.’ ಅದನ್ನು ಓದಿದಾಗಲೆಲ್ಲ ಚೆನ್ನಪ್ಪ ತನ್ನ ಆಸೆಯನ್ನು ಮಡಚಿ ಒಳಗಿಡುತ್ತಿದ್ದ. ಇವತ್ತು ತನ್ನ ಅಪ್ಪನ ಹಳೇ ಫೋಟೋಗಳನ್ನು ನೋಡಲು ಮಧ್ಯಾಹ್ನದ ಊಟಕ್ಕೇ ಬನ್ನಿ ಎಂದು ಸುಗಂಧಿ ಕರೆದಿದ್ದಳು.

ಬಾಗಿಯಕ್ಕ ಇಸ್ತ್ರಿಪೆಟ್ಟಿಗೆ ಕೊಡುವ ಮೊದಲು ವಿಚಾರಣೆ ಶುರು ಮಾಡಿದಳು.

“ಎಲ್ಲಿಗೆ ಮಾರಾಯ, ಮದುವೆಗಾ?”

“ಇಲ್ಲ ಬಾಗಿಯಕ್ಕ. ಕೂಳೂರಿಗೆ. ಸಂಬಂಧಿಕರ ಮನೆಗೆ.”

“ನಿನಗೆ ಸಂಬಂಧಿಕರಾ? ಯಾವಾಗಿಂದ?”

“ಸುಗಂಧಿ ಅಂತ. ನಮ್ಮದೇ ಕುಂದರ್. ತಂಗಿಯ ಹಾಗೆ.” ‘ತಂಗಿ’ ಅನ್ನುವಾಗ ಅವನ ಮುಖ ಕಷಾಯ ಕುಡಿದ ಹಾಗಾಯಿತು.

ಬಾಗಿಯಕ್ಕ ಆ ಮುಖವನ್ನು ನೋಡಿದಳು, ಅಂಗಿಯನ್ನು ನೋಡಿದಳು, ಅದನ್ನು ಇಸಿದುಕೊಂಡು ತಾನೇ ಇಸ್ತ್ರಿ ಹಾಕಲು ನಿಂತಳು. “ನೀನು ಎಂತ ಕುಂದರ್? ಕುಂದರ್ ನಿನ್ನ ಅಪ್ಪ. ನಿನ್ನ ಅಮ್ಮ ಗಿರಿಜ ನನ್ನೊಟ್ಟಿಗೆ ಕೂತು ಬೀಡಿ ಕಟ್ಟಿದವಳು. ಅವಳದ್ದು ಕರ್ಕೇರ ಬರಿ. ಹಾಗಾದ್ರೆ ನಿನ್ನದೂ ಕರ್ಕೇರ. ಬರಿ ಅಪ್ಪನಿಂದ ಬರ್ತದಾ?”

“ನನ್ನ ಪಾಸ್‌ಪೋರ್ಟಿನಲ್ಲಿ ಕುಂದರ್ ಅಂತ ಉಂಟಲ್ಲ?”

“ನಿನ್ನನ್ನು ಹೆತ್ತದ್ದು ಪಾಸ್‌ಪೋರ್ಟಾ?”

ಈ ಕಡೆಯ ಎಷ್ಟೋ ಮನೆತನಗಳಲ್ಲಿ ಬರಿ ಅಂದರೆ ತಾಯಿಯಿಂದ ಮಕ್ಕಳಿಗೆ ಬರುವ ವಂಶ. ಒಂದೇ ಬರಿಯವರು ಎಲ್ಲಿ ಹುಟ್ಟಿದರೂ ಒಡಹುಟ್ಟಿದವರೇ. ಅವರೊಳಗೆ ಮದುವೆಯ ಮಾತೇ ಇಲ್ಲ. ಬೋಳಾರದ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಆದರೆ ಚೆನ್ನಪ್ಪನಿಗೆ ಹೇಳಬೇಕಾದ ಅಮ್ಮ ಇರಲಿಲ್ಲ. ಮುಂಬಯಿಯ ಶಾಲೆಯವರು ಅಪ್ಪನ ಹೆಸರಿನ ಬಾಲವನ್ನೇ ಮಗನಿಗೂ ಅಂಟಿಸಿದ್ದರು.

ಚೆನ್ನಪ್ಪ ಕುರ್ಚಿಯಲ್ಲಿ ಕುಸಿದ. ನಾಲ್ಕು ತಿಂಗಳು ಹಗಲಿರುಳು ಅಗೆದದ್ದು ಬೇರೆಯವರ ಬೇರು! ಆ ಕಿವಿಯೂ ತನ್ನದಲ್ಲ!

ಬಾಗಿಯಕ್ಕನಿಗೆ ತೆಂಗಿನಕಾಯಿ ಕೊಡಲು ಬಂದ ಅಯ್ಯೂಬ್ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಕೆಳಗಿನ ಜ್ಯೂಸ್ ಅಂಗಡಿ ಅವನದು. ಬೀದಿಯ ಯಾವ ಸುದ್ದಿಯೂ ಅವನ ಮಿಕ್ಸಿಯೊಳಗೆ ಒಂದು ಸುತ್ತು ತಿರುಗದೆ ಮುಂದಕ್ಕೆ ಹೋಗುತ್ತಿರಲಿಲ್ಲ.

“ಒಂದು ನಿಮಿಷ ಚೆನ್ನಪ್ಪಣ್ಣ. ನೀವು ಕುಂದರ್ ಅಲ್ಲದಿದ್ರೆ ಆ ಕೂಳೂರಿನವರು ನಿಮಗೆ ತಂಗಿ ಹೇಗಾಗ್ತಾರೆ?”

ಚೆನ್ನಪ್ಪ ತಲೆ ಎತ್ತಿದ. ಬಾಗಿಯಕ್ಕನೂ ಎತ್ತಿದಳು.

“ಆಗುದಿಲ್ಲ,” ಅಂದಳು ಬಾಗಿಯಕ್ಕ.

“ಮತ್ತೆ ಅಳುದು ಎಂತಕ್ಕೆ? ಹೋಗಿ ಕೇಳಿ ಬನ್ನಿ!”

ಅಷ್ಟರಲ್ಲಿ ಏನೋ ಸುಟ್ಟ ವಾಸನೆ ಬಂತು. ಮಾತಿನ ಭರದಲ್ಲಿ ಬಾಗಿಯಕ್ಕ ಅಂಗಿಯ ಮೇಲೆ ಇಟ್ಟ ಪೆಟ್ಟಿಗೆ ಎದೆಯ ಜಾಗದಲ್ಲಿ ದೋಣಿಯ ಆಕಾರದ ತೂತು ಕೊರೆದಿತ್ತು. “ಛೆ! ಹೋದ್ರೆ ಹೋಯ್ತು, ಹೆಣ್ಣು ಕೇಳ್ಲಿಕ್ಕೆ ಹೋಗುವಾಗ ಹಳೇ ಅಂಗಿ ಯಾಕೆ?” ಎಂದಳು ತಪ್ಪು ತನ್ನದಲ್ಲ ಎಂಬಂತೆ. ಅಯ್ಯೂಬ್ ಓಡಿ ಹೋಗಿ ಭಾವನ ಮದುವೆಗೆ ಹೊಲಿಸಿದ ತನ್ನ ಅಂಗಿ ತಂದ. ಗಿಳಿಹಸುರು, ಫಳಫಳ ಹೊಳಪು. ಅಯ್ಯೂಬನ ಹೊಟ್ಟೆಗೆಂದು ಹೊಲಿದ ಆ ಅಂಗಿ ಚೆನ್ನಪ್ಪನ ಮೇಲೆ ಗಾಳಿ ಇಲ್ಲದ ದಿನದ ಹಾಯಿಯ ಹಾಗೆ ಜೋತುಬಿತ್ತು. ಮೇಲಿಂದ ಅಯ್ಯೂಬ್ ಅತ್ತರನ್ನೂ ಸುರಿದ. ಬಾಗಿಯಕ್ಕ ಎಚ್ಚರಿಸಿದಳು: “ಒಂದು ಅಟ್ಟೆ ಮಲ್ಲಿಗೆ ತಕ್ಕೊಂಡು ಹೋಗು. ಬಾಯಿ ಕಟ್ಟಿದ್ರೆ ಹೂವಾದ್ರೂ ಮಾತಾಡ್ಲಿ.”

ಇಷ್ಟಕ್ಕೇ ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಆದರೆ ಚೆನ್ನಪ್ಪ ಪ್ರಾಮಾಣಿಕ ಮನುಷ್ಯ. ಒಂದು ಸ್ಕ್ರೂ ತಪ್ಪು ಡಬ್ಬಿಯಲ್ಲಿ ಬಿದ್ದರೂ ನಿದ್ದೆ ಬಾರದ ಸ್ಟೋರ್‌ಕೀಪರ್. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕೂಳೂರಿನ ಬಸ್ಸು ಹತ್ತಿ ಕೂತವನೇ ಗುಂಪಿಗೆ ಬರೆದ: ‘ಬಂಧುಗಳೇ, ಕ್ಷಮಿಸಿ. ಕುಂದರ್ ನನ್ನ ಅಪ್ಪನ ಬರಿ. ಬರಿ ಬರುವುದು ಅಮ್ಮನಿಂದ ಎಂದು ನನಗೆ ಇವತ್ತು ಗೊತ್ತಾಯಿತು. ನಾನು ನಿಮ್ಮವನಲ್ಲ. ನಿಮ್ಮಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದೆಯಾ?’

ಆ ಕೊನೆಯ ಪ್ರಶ್ನೆ ಜೇನುಗೂಡಿಗೆ ಎಸೆದ ಕಲ್ಲಾಯಿತು.

ದುಬೈಯವನು ಬರೆದ: ‘ಮಮ್ಮಿಗೆ ಕೇಳಿದೆ. ನಾನು ಸಾಲ್ಯಾನ್ ಅಂತೆ!’ ಪುಣೆಯವಳು ಬರೆದಳು: ‘ನಾವು ಬಂಗೇರ. ಅಮ್ಮ ನಗಾಡ್ತಾ ಇದ್ದಾರೆ.’ ಬಸ್ಸು ಲಾಲ್‌ಬಾಗ್ ದಾಟುವುದರೊಳಗೆ ಜಗತ್ತಿನಾದ್ಯಂತ ಕುಂದರರು ಅಮ್ಮಂದಿರಿಗೆ ಫೋನ್ ಮಾಡತೊಡಗಿದ್ದರು. ‘ಈ ಗ್ರೂಪಿನಲ್ಲಿ ಕುಂದರ್ ಬರಿಯವರು ಯಾರಾದರೂ ಇದ್ದೀರಾ?’ ಎಂದು ಒಬ್ಬರು ಕೇಳಿದರು. ಯಾರೂ ಇರಲಿಲ್ಲ.

‘ಯಾರೂ ಅಮ್ಮನಿಗೆ ಫೋನ್ ಮಾಡಬಾರದು! ಇದು ಅಡ್ಮಿನ್ ಆದೇಶ!’ ಎಂದು ಹಿತೇಶ್ ಗುಡುಗಿದ. ಗುಂಪಿನ ಸಮಾವೇಶಕ್ಕೆಂದು ‘ಕುಂದರ್ ರಕ್ತ’ ಎಂದು ಬರೆಸಿದ ಟೀಶರ್ಟುಗಳು ಆಗಲೇ ಪ್ರಿಂಟ್ ಆಗಿ ಅವನ ಮನೆಯಲ್ಲಿ ಬಂದು ಬಿದ್ದಿದ್ದವು. ಆ ಆದೇಶದ ಕೆಳಗೆ ಅವನ ಸ್ವಂತ ಅಕ್ಕ ಬರೆದಳು: ‘ಹಿತು, ನಮ್ಮದು ಪುತ್ರನ್.’

ಒಬ್ಬೊಬ್ಬರೇ ಗುಂಪು ಬಿಟ್ಟು ಹೊರಟರು, ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರು ಇಳಿದು ಹೋಗುವ ಹಾಗೆ. ಅದರ ನಡುವೆ ಬಜಪೆಯ ದುಗ್ಗಪ್ಪ ಎಂಬ ಮುದುಕರು ಬರೆದರು: ‘ಇದು ನನಗೆ ಮೊದಲೇ ಗೊತ್ತಿತ್ತು.’

‘ಮತ್ತೆ ಯಾಕೆ ಹೇಳಲಿಲ್ಲ?’ ಎಂದು ನಾಲ್ಕೈದು ಜನ ಮುಗಿಬಿದ್ದರು.

‘ಹೇಳಿದ್ರೆ ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಕಳಿಸ್ಲಿಕ್ಕೆ ನನಗೆ ಯಾರುಂಟು ಮಾರಾಯ?’

ಚೆನ್ನಪ್ಪನಿಗೆ ಉತ್ತರ ಕೊಡಬೇಕೆನಿಸಿತು. ‘ನನಗೆ ಕಳಿಸಿ ದುಗ್ಗಪ್ಪಣ್ಣ, ನಾನು’ ಎಂದು ಒಂದೊಂದೇ ಅಕ್ಷರ ಒತ್ತುತ್ತಿದ್ದ ಹಾಗೆ ಅಡ್ಮಿನ್ ಅವನನ್ನು ಹೊರಗೆ ಹಾಕಿದ. ಬೋಳಾರದಿಂದ ಹೊರಡುವಾಗ ಇನ್ನೂರು ಬಂಧುಗಳಿದ್ದವನು ಕೂಳೂರು ಸೇತುವೆಗೆ ಮೊದಲು ಬಸ್ಸಿಳಿಯುವಾಗ ಒಂಟಿ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಮೈಮೇಲೆ ಪರರ ಅಂಗಿ. ಇನ್ನು ಉಳಿದದ್ದು ಸುಗಂಧಿ ಒಬ್ಬಳೇ. ಅವಳೂ ಬೇಡ ಅಂದರೆ ನಾಳೆ ಸಂಜೆ ‘ಊಟ ಆಯ್ತಾ’ ಎಂದು ಕೇಳುವ ಒಂದು ಜೀವವೂ ಇರುವುದಿಲ್ಲ.

ಸುಗಂಧಿ ಬಾಗಿಲು ತೆರೆದಳು. ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿದಳು.

“ಬನ್ನಿ ಬನ್ನಿ. ಇಡೀ ಕುಟುಂಬ ಒಡೆದು ಬಂದಿದ್ದೀರಿ, ಹಸಿವಾಗಿರ್ಬೇಕು.”

“ನೀವೂ ಓದಿದ್ರಾ?”

“ಓದದೆ? ಮಿಷನ್ ನಿಲ್ಲಿಸಿ ಅದನ್ನೇ ಓದ್ತಾ ಕೂತಿದ್ದೆ. ಆ ಟೀಶರ್ಟನ್ನು ಈಗ ಎಂತ ಮಾಡ್ತಾನೋ ಹಿತೇಶ್!”

ಚೆನ್ನಪ್ಪ ಮಲ್ಲಿಗೆ ಚಾಚಿದ. ಅವಳು ಒಳಗೆ ಹೋಗಿ ಬರುವಾಗ ಹೂವು ಮುಡಿಯಲ್ಲಿತ್ತು. ಅವನ ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡತೊಡಗಿತು.

ಕೋರಿರೊಟ್ಟಿ ಬಡಿಸಿದಳು. ಗರಿಗರಿ ರೊಟ್ಟಿಯ ಮೇಲೆ ಬಿಸಿಬಿಸಿ ಕೋಳಿಸಾರು. ಎದುರಿಗೆ ತಾನೂ ಕೂತಳು. ಆ ಮನೆಯಲ್ಲಿ ಎರಡನೆಯ ತಟ್ಟೆ ಹೊರಗೆ ಬರದೆ ಬಹಳ ಕಾಲವಾಗಿತ್ತೇನೋ, ಅದರ ತಳದ ಅಂಗಡಿಯ ಚೀಟಿ ಇನ್ನೂ ಹೋಗಿರಲಿಲ್ಲ.

“ನಿಮಗೆ ಬೇಜಾರಾಯ್ತಾ?” ಚೆನ್ನಪ್ಪ ಕೇಳಿದ. “ಬರಿಯ ವಿಷಯ?”

“ಎಂತ ಬೇಜಾರು? ನಾನು ಅಮ್ಮನೊಟ್ಟಿಗೇ ಬೆಳೆದವಳು, ನನಗೆ ಗೊತ್ತಿಲ್ಲದೆ ಉಂಟಾ? ಅಪ್ಪನ ಮುಖ ಫೋಟೋದಲ್ಲಿ ನೋಡಿದ್ದು ಮಾತ್ರ. ಅವರ ಕಡೆಯವರು ಯಾರಾದ್ರೂ ಸಿಗ್ತಾರಾ ಅಂತ ಗುಂಪಿಗೆ ಸೇರಿದ್ದು.”

“ಹಾಗಾದ್ರೆ ನಾನು ನಿಮಗೆ ಅಣ್ಣ ಅಲ್ಲ ಅಂತ...”

“ಅಲ್ಲದಿದ್ರೆ ಸಾಕು ಅಂದ್ಕೊಂಡಿದ್ದೆ.” ಸುಗಂಧಿ ರೊಟ್ಟಿಯ ಚೂರೊಂದನ್ನು ಇನ್ನೂ ಚಿಕ್ಕ ಚೂರು ಮಾಡಿದಳು. “ನಿಮ್ಮ ಅಮ್ಮನ ಬರಿ ಯಾವುದು ಅಂತ ನಾಲ್ಕು ತಿಂಗಳಿಂದ ಕೇಳ್ಬೇಕು ಅಂತಿದ್ದೆ. ಕೇಳುದು ಹೇಗೆ? ಕೇಳಿದ್ರೆ ಎಂತಕ್ಕೆ ಕೇಳುದು ಅಂತ ನಿಮಗೆ ಅರ್ಥ ಆಗ್ತದಲ್ಲ?”

ಚೆನ್ನಪ್ಪನಿಗೆ ಅರ್ಥವಾಯಿತು. ಜೀವಮಾನದಲ್ಲಿ ಯಾವ ಮಾತೂ ಅವನಿಗೆ ಇಷ್ಟು ಬೇಗ, ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ. ಬೆನ್ನು ನೆಟ್ಟಗಾಯಿತು, ಅಯ್ಯೂಬನ ಅಂಗಿ ಕೂಡ ಒಂದಿಷ್ಟು ತುಂಬಿಕೊಂಡ ಹಾಗಾಯಿತು.

“ಈಗ ಕೇಳಿ,” ಅಂದ.

“ಯಾವ ಬರಿ?”

“ಕರ್ಕೇರ!”

ಸುಗಂಧಿಯ ಕೈ ತಟ್ಟೆಯಲ್ಲೇ ನಿಂತಿತು. ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆದು ಹೋಯಿತು. ಗರಿಗರಿಯಾಗಿದ್ದ ರೊಟ್ಟಿ ಸಾರಿನಲ್ಲಿ ಮೆಲ್ಲಗೆ ಕುಸಿಯಿತು.

“ನಂದೂ ಕರ್ಕೇರ,” ಅಂದಳು.

ಚೆನ್ನಪ್ಪ ನಗಲು ನೋಡಿದ, ಅದು ಕೆಮ್ಮಾಯಿತು. ಅವಳು ನೀರು ಕೊಟ್ಟಳು. ಆಮೇಲೆ ಎದ್ದು, ಸೆರಗಿನಿಂದ ಕಣ್ಣಿನ ಮೂಲೆ ಒರೆಸಿಕೊಂಡು, ಸಾರಿನ ಖಾರವನ್ನು ಬೈದು, ಅವನ ತಟ್ಟೆಗೆ ಕೋಳಿಯ ಕಾಲು ಹಾಕಿದಳು. ಹೊಲಿಗೆ ಕಲಿಸುವವಳು; ತಪ್ಪಾಗಿ ಕತ್ತರಿಸಿದ ಬಟ್ಟೆಯಲ್ಲಿ ಇನ್ನೇನು ಹೊಲಿಯಬಹುದು ಎಂದು ಬೇಗ ಯೋಚಿಸುವ ಅಭ್ಯಾಸ ಅವಳಿಗಿತ್ತು.

“ಸುರತ್ಕಲ್‌ನವರೊಬ್ಬರು ಇದ್ದಾರೆ. ಹೆಂಡತಿ ತೀರಿಹೋಗಿ ಮೂರು ವರ್ಷ ಆಯ್ತು. ನನ್ನನ್ನು ಕೇಳ್ತಾ ಇದ್ದಾರೆ. ನಮ್ಮಲ್ಲಿ ಮಾತಾಡ್ಲಿಕ್ಕೆ ಹಿರಿಯರು ಅಂತ ಯಾರೂ ಇಲ್ಲ ಅಂತ ಹೇಳಿ ಇಷ್ಟು ದಿನ ತಪ್ಪಿಸಿಕೊಂಡೆ.” ಸ್ವಲ್ಪ ತಡೆದಳು. “ಯಾಕೆ ತಪ್ಪಿಸಿಕೊಂಡೆ ಅಂತ ಈಗ ಹೇಳಿ ಪ್ರಯೋಜನ ಇಲ್ಲ. ಆದ್ರೆ ಇನ್ನು ಹಾಗೆ ಹೇಳ್ಲಿಕ್ಕೂ ಆಗುದಿಲ್ಲ ನೋಡಿ.”

ಅವನು ಬೇಕು ಬೇಡ ಅನ್ನುವ ಮೊದಲೇ ನಂಬರು ಒತ್ತಿ ಫೋನನ್ನು ಅವನ ಎಡಗೈಯಲ್ಲಿಟ್ಟಳು. ಬಲಗೈ ಸಾರಿನಲ್ಲಿತ್ತು.

“ಹಲೋ?” ಎಂದಿತು ಸುರತ್ಕಲ್. “ಸುಗಂಧಿಯವರ ಮನೆಯಿಂದಲಾ? ನೀವು ಅವರಿಗೆ ಎಂತ ಆಗ್ಬೇಕು?”

ಚೆನ್ನಪ್ಪ ಸುಗಂಧಿಯ ಕಡೆ ನೋಡಿದ. ಅವಳು ಆಗಲೇ ಬೆನ್ನು ತಿರುಗಿಸಿ ಅಡುಗೆಮನೆಯ ಕಡೆ ನಡೆದಿದ್ದಳು.

“ಅಣ್ಣ,” ಅಂದ ಚೆನ್ನಪ್ಪ.

“ಒಳ್ಳೇದಾಯ್ತು! ಹಿರಿಯರೊಬ್ಬರು ಇದ್ರೆ ನಮಗೂ ಧೈರ್ಯ. ಬರುವ ಆದಿತ್ಯವಾರ ನೋಡ್ಲಿಕ್ಕೆ ಬರ್ಬಹುದಾ?”

ಚೆನ್ನಪ್ಪ ಗಂಟಲು ಸರಿಮಾಡಿಕೊಂಡ. ಅಣ್ಣನಾದವನ ಗಂಟಲು ಹೇಗಿರಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬಂದಷ್ಟು ಗಟ್ಟಿಯಾಗಿ ಹೇಳಿದ.

“ಬನ್ನಿ. ಊಟಕ್ಕೇ ಬನ್ನಿ.”

ಅಡುಗೆಮನೆಯಿಂದ ಸುಗಂಧಿ ಕೂಗಿ ಹೇಳಿದಳು: “ಎಷ್ಟು ಜನ ಬರ್ತಾರೆ ಅಂತ ಕೇಳಿ, ಅಣ್ಣ.”