ಹದಿನೈದು ಪೌಂಡ್ ಸರ್ಕಾರಿ ಗಾಳಿ

ಎರಡು ಸಾವಿರದ ಎಂಟನೇ ಇಸವಿ ಏಪ್ರಿಲ್ ಮಾಹೆಯಲ್ಲಿ ಮಾಗಡಿಯ ಗುಡ್ಡಗಾಡು ಜಾನುವಾರು ಸಂಪರ್ಕ ಕಚೇರಿಗೆ ಒಂದು ಬೆಟ್ಟದ ಸೈಕಲ್ ಮಂಜೂರಾಯಿತು. ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಒಂದು ಕಾರ್ಖಾನೆಯವರು ಸಮಾಜಸೇವೆ ಎಂದು ಅದನ್ನು ದಯಪಾಲಿಸಿದ್ದರು. ಸೈಕಲ್ಲಿನ ಹಿಂಬದಿಗೆ ಸ್ಪ್ರಿಂಗ್ ಇರಲಿಲ್ಲ. ಅದರ ಜಾಗದಲ್ಲಿ, ಕುಲುಕಾಟ ತಡೆಯಲು ಗಾಳಿ ತುಂಬಿಸುವ ಶಾಕಬ್ಸರ್ ಇತ್ತು. ಇಂಥ ವಸ್ತು ಕಚೇರಿಗೆ ಬಂದದ್ದು ಅದೇ ಮೊದಲಾದ್ದರಿಂದ ಹಾರ ಹಾಕಿ, ಕಾಯಿ ಒಡೆದು, ಫೋಟೊ ತೆಗೆಸಿ, ಹದಿನೆಂಟು ದಿವಸ ಯಾರೂ ಮುಟ್ಟದ ಹಾಗೆ ಬೀರುವಿನ ಪಕ್ಕ ನಿಲ್ಲಿಸಲಾಯಿತು.

ಸೈಕಲ್ ಹಂಚಿಕೆಯಾದದ್ದು ಜಾನುವಾರು ಪರಿವೀಕ್ಷಕ ಅನಂತರಾಜುವಿಗೆ. ಹಳ್ಳಿಗಳಲ್ಲಿ ಅವನನ್ನು ಡಾಕ್ಟ್ರು ಅನ್ನುತ್ತಿದ್ದರು. ಅವನೂ ಬೇಡ ಅನ್ನುತ್ತಿರಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಹೋದ ವರ್ಷ ಲಸಿಕೆಯ ಐಸ್ ಡಬ್ಬಿ ಹೊತ್ತು ಏದುಸಿರು ಬಿಡುತ್ತ ಕಲ್ಲುಗುಡ್ಡದ ಹಟ್ಟಿ ಮುಟ್ಟುವಷ್ಟರಲ್ಲಿ ಐಸು ಕರಗಿ ನೀರಾಗಿ, ಲಸಿಕೆ ಕೆಟ್ಟುಹೋಗಿತ್ತು. ಮಳೆ ಬಿದ್ದು ಎಳೆಹುಲ್ಲು ಚಿಗುರಿದ ಮೇಲೆ ಕರುಳುಬೇನೆ ಬಂತು. ಹಟ್ಟಿಯ ಬೀರಲಿಂಗಯ್ಯನ ಹನ್ನೊಂದು ಕುರಿ ಸತ್ತವು. ಬೀರಲಿಂಗಯ್ಯ ಬೈಯಲಿಲ್ಲ. "ನೀವ್ ತಾನೆ ಏನ್ ಮಾಡೀರಿ ಡಾಕ್ಟ್ರೇ, ಒಸಿ ಮಜ್ಜಿಗೆ ಕುಡೀರಿ" ಅಂದ. ಬೈದಿದ್ದರೆ ಅನಂತರಾಜು ಎಂದೋ ಮರೆತುಬಿಡುತ್ತಿದ್ದ. ಆ ಮಜ್ಜಿಗೆ ಮಾತ್ರ ಇನ್ನೂ ಅರಗಿರಲಿಲ್ಲ. ಈ ವರ್ಷ ಮೊದಲ ಮಳೆಗೆ ಮುಂಚೆ ಆ ಹಟ್ಟಿಯ ಎಪ್ಪತ್ತು ಕುರಿಗೂ ಸೂಜಿ ಬೀಳಲೇಬೇಕು ಎಂದು ಅವನು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದ.

ಶಾಕಬ್ಸರಿಗೆ ಗಾಳಿ ಹಿಡಿಸುವ ಕೆಲಸ ಬಸ್ ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನ ಶುಕೂರ್‌ಗೆ ಬಂತು. ಶುಕೂರ್ ಸೈಕಲ್ಲಿನ ಜೊತೆ ಬಂದಿದ್ದ ಪುಸ್ತಿಕೆಯ ಚಿತ್ರಗಳನ್ನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನೋಡಿದ.

"ಇದು ಸವಾರನ ತೂಕ ನೋಡ್ಕೊಂಡು ಹಾಕೋ ಗಾಳಿ ಸಾರ್. ನಿಮ್ ತೂಕ ಎಷ್ಟು?"

"ಅರವತ್ತೈದು ಇರಬೋದು" ಅಂದ ಅನಂತರಾಜು.

ಶುಕೂರ್ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಎದುರಿನ ಗುಜರಿ ಅಂಗಡಿಯ ತಕ್ಕಡಿಗೆ ಕರೆದುಕೊಂಡು ಹೋದ. ಎಂಬತ್ತೆರಡು ಕಿಲೋ. ಪುಸ್ತಿಕೆಯ ಪ್ರಕಾರ ಅದಕ್ಕೆ ನೂರ ಎಂಬತ್ತು ಪೌಂಡ್ ಗಾಳಿ. ಸೈಕಲ್ಲಿನ ಜೊತೆಗೇ ಬಂದಿದ್ದ, ಮೀಟರ್ ಇರುವ ಪುಟ್ಟ ಪಂಪಿನಲ್ಲಿ ಶುಕೂರ್ ಗಾಳಿ ಹೊಡೆದ. ಶಾಕಬ್ಸರಿನ ದಂಡದ ಮೇಲಿದ್ದ ರಬ್ಬರ್ ಉಂಗುರವನ್ನು ಬುಡಕ್ಕೆ ಸರಿಸಿ, ಅನಂತರಾಜುವನ್ನು ಹುಷಾರಾಗಿ ಕೂರಿಸಿ, ಹುಷಾರಾಗಿ ಇಳಿಸಿದ. ಉಂಗುರ ದಂಡದ ಕಾಲುಭಾಗಕ್ಕೆ ಸರಿದು ನಿಂತಿತ್ತು.

"ಕಾಲ್ಭಾಗ ಇಳಿದ್ರೆ ಪಸಂದಾಗೈತೆ ಅಂತ ಅರ್ಥ. ಇನ್ನು ಕಲ್ಲೇ ಬರ್ಲಿ, ಗುಂಡಿನೇ ಬರ್ಲಿ, ಮಂಚದ್ ಮೇಲೆ ಮಲಗ್ದಂಗೆ ಹೋಗ್ಬೋದು."

ಪಂಪು ತೆಗೆಯುವಾಗ 'ಸ್ಸ್' ಎಂದು ಸದ್ದಾಯಿತು. ಅನಂತರಾಜು ಬಸ್ ಸ್ಟ್ಯಾಂಡಿನ ಸುತ್ತ ಎರಡು ರೌಂಡು ಹೊಡೆದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಲಾಖೆಯ ಯಾವ ವಸ್ತುವೂ ಅವನನ್ನು ಇಷ್ಟು ಮೆತ್ತಗೆ ಹೊತ್ತಿರಲಿಲ್ಲ. ಅವನಿಗೆ ಕಣ್ಣಲ್ಲಿ ನೀರೇ ಬಂತು.

ರಿಜಿಸ್ಟರಿನಲ್ಲಿ ನಮೂದಾಯಿತು: ಸವಾರ ಎಂಬತ್ತೆರಡು ಕಿಲೋ, ಗಾಳಿ ನೂರ ಎಂಬತ್ತು ಪೌಂಡ್. ಕಚೇರಿಯ ಅಧೀಕ್ಷಕರಾದ ಜಯಕುಮಾರ್ ಅವರು ಕಣ್ಣಾರೆ ನೋಡದೆ ಸಹಿ ಹಾಕುವವರಲ್ಲ. ತಾವೇ ಪಂಪು ಸಿಕ್ಕಿಸಿ ಮೀಟರ್ ನೋಡಿದರು. ನೂರ ಅರವತ್ತೈದು.

"ಹದಿನೈದು ಪೌಂಡ್ ಗಾಳಿ ಎಲ್ಲಿಗೆ ಹೋಯಿತು?"

"ಎಲ್ಲೂ ಹೋಗಿಲ್ಲ ಸಾರ್" ಅಂದ ಸೈಕಲ್ಲಿನ ಜೊತೆ ಕಚೇರಿಗೆ ಬಂದಿದ್ದ ಶುಕೂರ್. "ನೀವು ಪಂಪ್ ಸಿಗ್ಸಿದ್ರಲ್ಲ, ಆಗ ಒಳಗಿನ್ ಗಾಳಿ ಒಸಿ ಪೈಪಿಗ್ ಬಂತು. ನೋಡೋಕ್ ಹೋದ್ರೇ ಕಮ್ಮಿ ಆಗೋದು. ನೋಡ್ದೆ ಬಿಟ್ರೆ ಅಷ್ಟೇ ಇರ್ತದೆ."

ಜಯಕುಮಾರ್ ಅವರು ಕನ್ನಡಕ ತೆಗೆದರು. "ಅಂದರೆ ಪರಿಶೀಲನೆಯಿಂದಲೇ ನಷ್ಟ ಆಗುತ್ತದೆ ಅನ್ನುತ್ತೀಯ? ಮೂವತ್ತು ವರ್ಷದಿಂದ ಪರಿಶೀಲನೆ ಮಾಡುತ್ತಿದ್ದೇನೆ, ಇಂಥ ಮಾತು ಕೇಳಿಲ್ಲ." ಹಾಗೆಂದು ಇನ್ನೊಮ್ಮೆ ಪಂಪು ಸಿಕ್ಕಿಸಿದರು. ನೂರ ಐವತ್ತು. "ನೋಡಿ, ನಮ್ಮ ಕಣ್ಣೆದುರಿಗೇ ಕಳವಾಗುತ್ತಿದೆ."

ಮಾರನೆಯ ದಿನ ನೋಟೀಸು ಬೋರ್ಡಿಗೆ ಪ್ರಕಟಣೆ ಬಿತ್ತು: 'ಸದರಿ ಸೈಕಲ್ಲಿನ ಹಿಂಬದಿಯ ಗಾಳಿಯ ಕೊರತೆಯ ಬಗ್ಗೆ ವಿಚಾರಣೆ ನಡೆಯುತ್ತಿರುವುದರಿಂದ, ಅದು ಮುಗಿಯುವವರೆಗೆ ಸೈಕಲ್ಲಿಗೆ ಗಾಳಿ ತುಂಬತಕ್ಕದ್ದಲ್ಲ, ಸೈಕಲ್ ಹತ್ತತಕ್ಕದ್ದಲ್ಲ. ಸೈಕಲ್ ಹಂಚಿಕೆಯಾದ ನೌಕರರು ಅದನ್ನು ಬಿಟ್ಟು ಬೇರಾವ ರೀತಿಯಲ್ಲೂ, ಕಾಲ್ನಡಿಗೆಯೂ ಸೇರಿದಂತೆ, ಬೆಟ್ಟ ಹತ್ತತಕ್ಕದ್ದಲ್ಲ.'

ಮೇ ತಿಂಗಳು ಅರ್ಧ ಕಳೆಯಿತು. ಸಂಜೆ ಹೊತ್ತು ಪಡುವಲಲ್ಲಿ ಮೋಡ ಕಟ್ಟತೊಡಗಿತು. ಲಸಿಕೆ ಕಚೇರಿಯ ಫ್ರಿಜ್ಜಿನಲ್ಲಿತ್ತು, ಕುರಿಗಳು ಬೆಟ್ಟದ ಮೇಲಿದ್ದವು, ಅನಂತರಾಜು ಎರಡರ ನಡುವೆ ಕುರ್ಚಿಯಲ್ಲಿ ಕೂತಿದ್ದ. ಒಂದು ದಿನ ಬೀರಲಿಂಗಯ್ಯನೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ.

"ಡಾಕ್ಟ್ರೇ, ಮೋಡ ನೋಡುದ್ರಾ? ಯಾವಾಗ್ ಬತ್ತೀರಿ?"

"ಬರ್ತೀನಿ ಬೀರಲಿಂಗಯ್ಯ. ಗಾಳಿ ಎನ್‌ಕ್ವೈರಿ ಒಂದು ಮುಗೀಲಿ."

"ಮಳೆ ಗಾಳಿನಾ?"

"ಅಲ್ಲ, ಸೈಕಲ್ ಗಾಳಿ."

ಬೀರಲಿಂಗಯ್ಯ ತಲೆ ಆಡಿಸಿದ. ಸರ್ಕಾರದ ಕೆಲಸದಲ್ಲಿ ಅವನು ಇದಕ್ಕಿಂತ ವಿಚಿತ್ರವಾದದ್ದನ್ನೂ ಕಂಡಿದ್ದ. ಅನಂತರಾಜುವಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು.

ರಾಮನಗರ ಹೊಸ ಜಿಲ್ಲೆಯಾಗಿದ್ದ ಹುರುಪಿನ ಕಾಲ ಅದು. ಅಲ್ಲಿಂದ ಮೂವರು ಸದಸ್ಯರ ಗಾಳಿ ಪರಿಶೀಲನಾ ಸಮಿತಿ ಬಂದಿಳಿಯಿತು. ಮೂವರೂ ನಿಷ್ಪಕ್ಷಪಾತಿಗಳು, ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಮೊದಲನೆಯವರು ನೋಡಿದಾಗ ನೂರ ಮೂವತ್ತೈದು, ಎರಡನೆಯವರಿಗೆ ನೂರ ಇಪ್ಪತ್ತು, ಮೂರನೆಯವರಿಗೆ ನೂರ ಐದು. ಶುಕೂರ್ ಮೂಲೆಯಲ್ಲಿ ನಿಂತು "ಸಾಕು ಬುಡಿ ಸಾರ್, ನೋಡ್ಬೇಡಿ ಸಾರ್" ಎಂದು ಗೋಗರೆಯುತ್ತಿದ್ದ. ಅದನ್ನು ಸಮಿತಿ 'ಖಾಸಗಿ ವ್ಯಕ್ತಿಯಿಂದ ಪರಿಶೀಲನೆಗೆ ಅಡ್ಡಿ' ಎಂದು ಬರೆದುಕೊಂಡಿತು.

ಬಿರಿಯಾನಿ ಊಟದ ನಂತರ ಸಮಿತಿ ತೀರ್ಮಾನಕ್ಕೆ ಬಂತು. ಮೀಟರ್ ಸುಳ್ಳು ಹೇಳುವುದಿಲ್ಲ. ಕಳವು ಮಾಡಿದವರು ಸಿಕ್ಕಿಲ್ಲ. ಆದ್ದರಿಂದ ಗಾಳಿ ಸರಿಯಾಗಿಯೇ ಇದೆ. ತಪ್ಪಿರುವುದು ಸವಾರನ ತೂಕ. ಪುಸ್ತಿಕೆಯ ಪ್ರಕಾರ ನೂರ ಐದು ಪೌಂಡಿಗೆ ನಲವತ್ತೆಂಟು ಕಿಲೋ. ಜಯಕುಮಾರ್ ಅವರು ಕಡತ ತಿರುವಿ ಹಾಕಿದಾಗ ಇನ್ನೂ ಒಂದು ಸಂಗತಿ ಹೊರಬಂತು. ಅನಂತರಾಜು ಕೆಲಸಕ್ಕೆ ಸೇರಿದಾಗಿನ ವೈದ್ಯಕೀಯ ಪ್ರಮಾಣಪತ್ರದಲ್ಲಿ ಅವನ ತೂಕ ಸರಿಯಾಗಿ ನಲವತ್ತೆಂಟೇ ಕಿಲೋ ಇತ್ತು.

"ನೋಡಿದಿರಾ!" ಎಂದು ಸಮಿತಿಯವರು ಪರಸ್ಪರ ಕೈಕುಲುಕಿದರು.

"ಸಾರ್, ನಾನು ಇಲ್ಲೇ ಎದುರಿಗೆ ನಿಂತಿದೀನಿ" ಅಂದ ಅನಂತರಾಜು. "ನೋಡಿದ್ರೆ ಗೊತ್ತಾಗಲ್ವಾ?"

"ನೋಡಿದ್ದಕ್ಕೆಲ್ಲ ದಾಖಲೆ ಬೇಕಲ್ಲ ಅನಂತರಾಜು" ಅಂದರು ಜಯಕುಮಾರ್, ತುಂಬ ಪ್ರೀತಿಯಿಂದಲೇ. "ಸಹಿ ಹಾಕಿ. ವಿಚಾರಣೆ ಮುಗಿದ ಹಾಗೆ. ನಾಳೆಯೇ ಬೆಟ್ಟಕ್ಕೆ ಹೋಗಬಹುದು."

ಅನಂತರಾಜುವಿನ ಕಣ್ಣ ಮುಂದೆ ಎಪ್ಪತ್ತು ಕುರಿ ಬಂದು ನಿಂತವು. ಸಹಿ ಹಾಕಿದ.

ಮಾರನೆಯ ಬೆಳಿಗ್ಗೆ ಐಸ್ ಡಬ್ಬಿ ಕಟ್ಟಿಕೊಂಡು ನಲವತ್ತೆಂಟು ಕಿಲೋ ಲೆಕ್ಕದ ಗಾಳಿಯ ಸೈಕಲ್ ಮೇಲೆ ಎಂಬತ್ತೆರಡು ಕಿಲೋದ ಅನಂತರಾಜು ಕೂತ. ರಬ್ಬರ್ ಉಂಗುರ ದಂಡದ ಕೊನೆಗೆ ಹೋಗಿ ಬಡಿಯಿತು. ಕಚೇರಿ ಗೇಟಿನ ಉಬ್ಬು ದಾಟುವಾಗ 'ದಡ್' ಎಂಬ ಸದ್ದು ಒಳಗಿನ ಟೈಪಿಸ್ಟ್‌ವರೆಗೂ ಕೇಳಿಸಿತು. ಎರಡನೇ ಉಬ್ಬಿಗೆ ಅವನ ಸೊಂಟ ಹಿಡಿಯಿತು. ನಾಲ್ಕು ಜನ ಸೇರಿ ಅವನನ್ನು ಇಳಿಸಿ ಬೆಂಚಿನ ಮೇಲೆ ಬೋರಲು ಮಲಗಿಸಿದರು. ಅವನು ಅತ್ತುಬಿಟ್ಟ, ಸೊಂಟದ ನೋವಿಗಲ್ಲ, ಅಷ್ಟರಲ್ಲಿ ಮಳೆಯ ನಾಲ್ಕು ಹನಿ ಬಿದ್ದಿತ್ತು.

ಹಾಗೆ ಮಲಗಿದ್ದಾಗಲೇ ಗೇಟಿನ ಹೊರಗೆ ಮ್ಯಾ ಎಂದು ಕೇಳಿಸಿತು. ಬೀರಲಿಂಗಯ್ಯ, ಅವನ ಹೆಂಡತಿ ಮಾಯಮ್ಮ, ಹಿಂದೆ ಎಪ್ಪತ್ತು ಕುರಿ.

"ನಿಮ್ ಗಾಳಿ ಕತೆ ಮುಗಿಯಂಗ್ ಕಾಣ್ಲಿಲ್ಲ ಡಾಕ್ಟ್ರೇ" ಅಂದ ಬೀರಲಿಂಗಯ್ಯ. "ಅದುಕ್ಕೇ ನಾವೇ ಹೊಡ್ಕಂಡ್ ಬಂದ್ಬುಟ್ಟೋ."

ಒಂದೊಂದೇ ಕುರಿಯನ್ನು ಮಾಯಮ್ಮ ಬೆಂಚಿನ ಹತ್ತಿರ ಹಿಡಿದು ತಂದಳು. ಅನಂತರಾಜು ಮಲಗಿದಲ್ಲಿಂದಲೇ ಸೂಜಿ ಹಾಕಿದ. ಎಪ್ಪತ್ತನೆಯ ಕುರಿಗೆ ಹಾಕಿ ಮುಗಿಸಿದಾಗ ಮಳೆ ಜೋರಾಗಿ ಹೊಡೆಯಿತು. ಹೋದ ವರ್ಷದ ಮಜ್ಜಿಗೆ ಅವನಿಗೆ ಈಗ ಅರಗಿತು. ಜಯಕುಮಾರ್ ಅವರು ವರದಿ ಕಳಿಸಿದರು: 'ಬೆಟ್ಟದ ಸೈಕಲ್ ಯೋಜನೆಯಿಂದ ಶೇಕಡಾ ನೂರು ಲಸಿಕೆ ಸಾಧನೆ. ಸೈಕಲ್ಲಿಗೆ ಯಾವುದೇ ಸವೆತ ಇಲ್ಲ.'

ಯಶಸ್ವಿ ಯೋಜನೆಯಾದ್ದರಿಂದ ಸೈಕಲ್ಲನ್ನು ಪ್ರತಿ ತಿಂಗಳೂ ಪರಿಶೀಲಿಸಲು ಆದೇಶ ಬಂತು. ಜೂನ್‌ನಲ್ಲಿ ತೊಂಬತ್ತು ಪೌಂಡ್, ಜುಲೈನಲ್ಲಿ ಎಪ್ಪತ್ತೈದು, ಆಗಸ್ಟ್‌ನಲ್ಲಿ ಅರವತ್ತು. ಅದಕ್ಕೆ ಸರಿಯಾಗಿ ಅನಂತರಾಜುವಿನ ತೂಕವನ್ನೂ ತಿದ್ದಲಾಯಿತು. ಆಗಸ್ಟ್ ಕೊನೆಗೆ ಅವನು ಇಪ್ಪತ್ತೇಳು ಕಿಲೋ.

ಸುದ್ದಿ ಹಟ್ಟಿಗೆ ಮುಟ್ಟಿದ ಮೇಲೆ ಮಾಯಮ್ಮನ ಜೀವ ತಡೆಯಲಿಲ್ಲ. ಮುದ್ದೆ, ಬಾಡಿನ ಸಾರು ಕಟ್ಟಿಕೊಟ್ಟು ಗಂಡನನ್ನು ಕಚೇರಿಗೆ ಅಟ್ಟಿದಳು. ಬೀರಲಿಂಗಯ್ಯ ಬುತ್ತಿ ಬಿಚ್ಚಿ, ಅನಂತರಾಜುವನ್ನು ಒಂದು ಸುತ್ತು ನೋಡಿ, ಗಡ್ಡ ಕೆರೆದುಕೊಂಡ.

"ಇಪ್ಪತ್ತೇಳ್ ಕಿಲೋ ಅಂದ್ರೆ ಒಂದು ಮರಿಟಗರು. ನಾನು ದಿನಾ ಹೆಗಲ್ ಮೇಲೆ ಹಾಕ್ಕಂಡು ಬೆಟ್ಟ ಹತ್ತೀನಿ. ಮುಂದಿನ್ ಸಲ ಕುರಿ ಯಾಕೆ ಇಳುಸ್ಬೇಕು, ಡಾಕ್ಟ್ರುನ್ನೇ ಹೊತ್ಕಂಡ್ ಹೋಯ್ತೀನಿ."

ಜಯಕುಮಾರ್ ಅವರು ಪಕ್ಕದ ಟೇಬಲ್ಲಿನಿಂದ ಕೇಳಿಸಿಕೊಂಡು ತಕ್ಷಣ ಟೈಪ್ ಮಾಡಿಸಿದರು. 'ಮುಂದಿನ ಲಸಿಕಾ ಅವಧಿಯಲ್ಲಿ ಸದರಿ ಪರಿವೀಕ್ಷಕರನ್ನು ಫಲಾನುಭವಿಯಾದ ಶ್ರೀ ಬೀರಲಿಂಗಯ್ಯನವರು ಹೊರತಕ್ಕದ್ದು. ನಿಯಮಾನುಸಾರ ಸೈಕಲ್ ಬಿಟ್ಟು ಬೆಟ್ಟ ಹತ್ತುವಂತಿಲ್ಲವಾದ್ದರಿಂದ, ಹೊರಲ್ಪಟ್ಟ ಪರಿವೀಕ್ಷಕರು ಸೈಕಲ್ಲನ್ನು ಹೊರತಕ್ಕದ್ದು.'

"ಸೈಕಲ್ ಎಷ್ಟ್ ತೂಕ ಸ್ವಾಮಿ?" ಎಂದು ಬೀರಲಿಂಗಯ್ಯ ಕೇಳಿದ.

"ಹದಿನಾಲ್ಕು ಕಿಲೋ."

ಬೀರಲಿಂಗಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. "ಇಬ್ರೂ ಸೇರಿ ನಲವತ್ತೊಂದು. ಕೊಬ್ಬಿದ ಟಗರಷ್ಟು. ಹೊರ್ಬೋದು" ಎಂದು ಹೆಬ್ಬೆಟ್ಟು ಒತ್ತಿದ.

ಅನಂತರಾಜು ಆದೇಶವನ್ನು ಪೂರ್ತಿ ಓದಿ, ತಪ್ಪೇನೂ ಕಾಣದೆ ಸಹಿ ಹಾಕಿದ. ಮುದ್ದೆ ಎರಡಿದ್ದವು. ಒಂದನ್ನು ಮಾತ್ರ ಎತ್ತಿಕೊಂಡು, "ಇನ್ನೊಂದು ಬೇಡ ಬೀರಲಿಂಗಯ್ಯ, ನಾಳೆ ಪರಿಶೀಲನೆ ಇದೆ" ಅಂದ.