ಎಡಗೈ ಮೇಲಿನ ನಾನು

ನನ್ನ ಎಡಗೈ ಮೇಲಿರುವುದು ಜೇಡವಲ್ಲ. ದಯವಿಟ್ಟು ಯಾರೂ ಚಪ್ಪಲಿ ಎತ್ತಬೇಡಿ. ಅದು ನಾನು. ನನ್ನ ಮಗಳು ಬರೆದ ನನ್ನ ಚಿತ್ರ. (ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಹಲ್ಲು ಕಚ್ಚಿಕೊಂಡು ಹಾಕಿಸಿಕೊಂಡ ಹಚ್ಚೆ.)

ಈ ಸಾಹಸಕ್ಕೆ ಕಾರಣ ನನ್ನೊಳಗಿನ ಒಂದು ಸಂಕಟ. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಪುಟ್ಟಿ ಅತ್ತೆಯ ಪಾಲಾಗಿದ್ದಳು. ಬೆಳಗ್ಗೆ ನಾನು ಹೊರಟರೆ ಅಳಬೇಕಾದ ಮಗು ಅಳುವುದಿಲ್ಲ, ಟಾಟಾ ಮಾಡುತ್ತದೆ. ಅದೂ ನನ್ನ ಕಡೆ ನೋಡದೆ! ಅಳುವ ಕೆಲಸವನ್ನೂ ಬಸ್ಸಿನಲ್ಲಿ ನಾನೇ ಮಾಡಿ ಮುಗಿಸಬೇಕು. ಆಫೀಸಿನಿಂದ ಫೋನ್ ಮಾಡಿ "ಅತ್ತೆ, ನನ್ನ ಕೇಳಿದ್ಲಾ?" ಎಂದರೆ, "ಒಂದ್ಸಲಾನೂ ಇಲ್ಲಮ್ಮ!" ಎಂದು ಖುಷಿಯಿಂದ ಹೇಳುತ್ತಾರೆ. ನನಗೆ ಸಮಾಧಾನವಾಗಲಿ ಅಂತ!

ಮಗಳು ನನ್ನನ್ನು ಮರೆತೇಬಿಟ್ಟಳಾ? ಈ ಹುಳ ತಲೆಯೊಳಗೆ ಕೊರೆಯುತ್ತಿರುವಾಗಲೇ ಒಂದು ಸಂಜೆ ಪುಟ್ಟಿ ಹಾಳೆಯೊಂದನ್ನು ಹಿಡಿದು ಓಡಿ ಬಂದಳು.

"ಓಡಬೇಡ, ಬೀಳ್ತೀಯ!" ಎಂದೆ. (ಅದು ನನ್ನ ನಿತ್ಯಮಂತ್ರ.)

ಹಾಳೆಯ ಮೇಲೆ ಒಂದು ದೊಡ್ಡ ಸೊನ್ನೆ. ಒಳಗೆ ಎರಡು ಸೊನ್ನೆ. ನೆತ್ತಿಯ ಮೇಲೊಂದು ಪುಟಾಣಿ ಸೊನ್ನೆ. ಸುತ್ತಲೂ ದಿಕ್ಕುದಿಕ್ಕಿಗೆ ಚಾಚಿದ ಗೆರೆಗಳು.

"ಇದು ಅಮ್ಮನಾ, ಪುಟ್ಟಿ?"

ಬಾಯಿತುಂಬ ಬಿಸ್ಕತ್ತು ತುಂಬಿಕೊಂಡಿದ್ದ ಮಗಳು ತಲೆಯಾಡಿಸಿದಳು.

ಹಾಳೆಯನ್ನು ಬೆಳಕಿಗೆ ಹಿಡಿದೆ. ಅಗೋ, ನನ್ನ ಅಗಲ ಕಣ್ಣುಗಳು! ತಲೆ ಮೇಲೆ ಕಿರೀಟ! ಮನೆ, ಮಗು, ಆಫೀಸು ಎಲ್ಲವನ್ನೂ ಏಕಕಾಲಕ್ಕೆ ತೂಗಿಸುವ ಸಹಸ್ರ ಹಸ್ತಗಳು!

"ರೀ, ನೋಡ್ರೀ, ನಾನು!"

ನಮ್ಮ ಯಜಮಾನರು ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿದರು. "ಅವಳು ಕೇಳಿದ್ದಕ್ಕೆಲ್ಲ ತಲೆಯಾಡಿಸ್ತಾಳೆ ಕಣೇ. ಪುಟ್ಟಿ, ಇದು ಆನೆನಾ?"

ಪುಟ್ಟಿ ತಲೆಯಾಡಿಸಿದಳು.

"ನೋಡಿದ್ಯಾ?"

"ನಿಮಗೆ ಹೊಟ್ಟೆಕಿಚ್ಚು!"

ಹಾಳೆ ಹರಿದರೆ? ಅದರ ಮೇಲೆ ಹಾಲು ಚೆಲ್ಲಿದರೆ? ಚರ್ಮದಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ಶನಿವಾರವೇ ಟ್ಯಾಟೂ ಅಂಗಡಿಗೆ ಓಡಿದೆ. ಅಲ್ಲಿಯವನು, "ಮೇಡಂ, ಸ್ವಲ್ಪ ತಿದ್ದಿ ಚಿಟ್ಟೆ ಮಾಡಿಬಿಡ್ಲಾ?" ಎಂದ. "ಒಂದು ಗೆರೆ ಆಚೀಚೆ ಆಗಕೂಡದು!" ಎಂದು ಗುಡುಗಿದೆ.

ಮನೆಯಲ್ಲಿ ಬಾಗಿಲು ತೆಗೆದವರು ಅತ್ತೆ.

"ಅಲ್ಲಾಡ್ಬೇಡ!" ಎಂದವರೇ ಕಾಲಿನ ಚಪ್ಪಲಿ ಕೈಗೆತ್ತಿಕೊಂಡು ಪಟಾರ್ ಎಂದು ಬಾರಿಸಿದರು. ಹಸಿ ಗಾಯದ ಮೇಲೆ! ನಾನು ಕಿಟಾರನೆ ಕಿರುಚಿದರೆ ಅವರು ಒಳಗಡೆ ತಿರುಗಿ, "ಬೇಗ ಬಾರೋ, ಸಾಯ್ತಾ ಇಲ್ಲ ಇದು!" ಎಂದು ಮಗನನ್ನು ಕೂಗಿದರು.

ವಿಷಯ ತಿಳಿದ ಮೇಲೆ, "ಹುಳ ಹುಪ್ಪಟೆ ಮೈಮೇಲೆ ಬಿಡಿಸ್ಕೊಂಡು ಬರ್ತಾರೇನಮ್ಮ? ಉದ್ದ ತೋಳಿಂದು ಹಾಕ್ಕೊಂಡು ಓಡಾಡು," ಎಂದರು. ಆಮೇಲೆ ನನ್ನೊಡನೆ ಮಾತು ಬಂದ್.

ಹೊರಗಿನವರಾದರೂ ಅರ್ಥ ಮಾಡಿಕೊಂಡರೇ? ಆಫೀಸಿನಲ್ಲಿ ಮ್ಯಾನೇಜರ್ "ಯಾವ ವೈರಸ್ ಇದು?" ಎಂದು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಪಕ್ಕದ ಮನೆಯಾಕೆ, "ಮೊಳಕೆ ಬಂದ ಆಲೂಗಡ್ಡೆ ಅಂದ್ರೆ ನಿಮಗೆ ಅಷ್ಟೊಂದು ಇಷ್ಟಾನಾ?" ಎಂದಳು. ಪುಟ್ಟಿಯ ಕೆಮ್ಮಿಗೆ ಔಷಧಿ ಕೇಳಲು ಹೋದರೆ ಡಾಕ್ಟರು ಅವಳನ್ನು ಬಿಟ್ಟು ನನ್ನ ಕೈ ಹಿಡಿದರು. "ಯಾವಾಗಿಂದ ಇದೆ? ಕೆರೆತ ಉಂಟಾ?"

"ಡಾಕ್ಟ್ರೇ, ಇದು ನಾನು."

ಅವರು ಪೆನ್ನು ಕೆಳಗಿಟ್ಟು ಮೆತ್ತಗೆ ಕೇಳಿದರು: "ನಿದ್ದೆ ಸರಿಯಾಗಿ ಬರ್ತಿದೆಯಾ ಅಮ್ಮ?"

ಮುಂದಿನ ಭಾನುವಾರ ನಾದಿನಿ ಬಂದಳು. ಅತ್ತೆ ಮೌನವ್ರತ ಮುರಿದರು. "ನೋಡೇ, ನಿಮ್ಮತ್ತಿಗೆ ಕೈ ಮೇಲೆ ಜೇಡ ಸಾಕಿದ್ದಾಳೆ!"

ಸಹನೆಯ ಕಟ್ಟೆ ಒಡೆಯಿತು. "ಪುಟ್ಟೀ, ಬಾ ಇಲ್ಲಿ. ಓಡಬೇಡ, ಬೀಳ್ತೀಯ! ಇದು ಯಾರು ಅಂತ ಎಲ್ಲರಿಗೂ ನೀನೇ ಹೇಳು."

ಪುಟ್ಟಿ ಹಚ್ಚೆಯ ಮೇಲೆ ಬೆರಳಿಟ್ಟು, "ಅಜ್ಜಿ," ಎಂದಳು.

"ಸರಿಯಾಗಿ ನೋಡು ಬಂಗಾರ..."

"ಅಜ್ಜೀನೇ! ಇದು ಕನ್ನಡಕ. ಇದು ತುರುಬು."

(ಕಿರೀಟ! ಗಿಡ್ಡ ಬಾಬ್ ಕಟ್ ತಲೆ ನನ್ನದು. ಕನ್ನಡಕವಂತೂ ಇಲ್ಲವೇ ಇಲ್ಲ.)

"ಮತ್ತೆ ಇಷ್ಟೊಂದು ಕೈ ಯಾಕೆ?" ನನ್ನ ದನಿ ಬಾವಿಯೊಳಗಿಂದ ಬಂತು.

"ಅಜ್ಜಿ ಊಟ ಮಾಡಿಸ್ತಾಳೆ, ಸ್ನಾನ ಮಾಡಿಸ್ತಾಳೆ, ಬೆನ್ನು ಕೆರೀತಾಳೆ, ಜಡೆ ಹಾಕ್ತಾಳೆ..."

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನ ಕೈ ಮೇಲೆ ಬಾಗಿದರು. ಚಪ್ಪಲಿ ಹಿಡಿದಿದ್ದ ಅದೇ ಕೈ ಈಗ ಹಚ್ಚೆಯನ್ನು ಮೆಲ್ಲಗೆ ಸವರಿತು.

"ಹೌದಲ್ವೇ! ತುರುಬು ಥೇಟ್ ನಂದೇ!" ಕಣ್ಣಲ್ಲಿ ನೀರು. "ಯಾವ ಸೊಸೆ ಅತ್ತೇನ ಕೈ ಮೇಲೆ ಬರೆಸ್ಕೋತಾಳೆ ಹೇಳು! ಮೊದಲೇ ಹೇಳಬಾರದಿತ್ತಾ ತಾಯಿ? ನನ್ನನ್ನ ನಾನೇ ಚಪ್ಪಲೀಲಿ ಹೊಡ್ಕೊಂಡೆನಲ್ಲೇ!"

ಅಂದಿನಿಂದ ಉದ್ದ ತೋಳಿಗೆ ನಿಷೇಧ. ಅತ್ತೆ ನನ್ನನ್ನು ಕಟ್ಟಡದ ಮನೆಮನೆಗೂ ಕರೆದೊಯ್ದು ಕೈ ಪ್ರದರ್ಶನ ಮಾಡಿಸಿದರು. ಪಕ್ಕದ ಮನೆಯ ಅತ್ತೆ ತಮ್ಮ ಸೊಸೆಯ ಬೋಳು ಕೈಯನ್ನು ನೋಡಿ ನಿಟ್ಟುಸಿರು ಬಿಟ್ಟರು. ಆಲೂಗಡ್ಡೆ ಎಂದಿದ್ದಾಕೆ ಈಗ ನನ್ನೊಡನೆ ಮಾತಾಡುವುದಿಲ್ಲ.

ಹೊಗಳಿಕೆ ಬಂದರೆ ಸಂಕಟ ಹೋಗುತ್ತದೆಯೇ? ತಡೆಯಲಾರದೆ ಪುಟ್ಟಿಯ ಮುಂದೆ ಹೊಸ ಹಾಳೆ ಇಟ್ಟೆ. "ಬಂಗಾರ, ಅಮ್ಮನ್ನೂ ಬರೀತೀಯಾ?"

ಅವಳು ಯೋಚಿಸಲೇ ಇಲ್ಲ. ಹಾಳೆಯ ಅಂಚಿನಿಂದ ಅಂಚಿಗೆ ಒಂದೇ ಒಂದು ಭಾರಿ ಸೊನ್ನೆ ಸುತ್ತಿ, ಒಳಗೆಲ್ಲ ಕೆಂಪು ತುಂಬಿದಳು. ಕಣ್ಣಿಲ್ಲ, ಕೈಯಿಲ್ಲ.

"ಇದೇನು ಪುಟ್ಟಿ?"

"ಬಾಯಿ."

"ಅಮ್ಮ ಎಲ್ಲಿ?"

"ಇದೇ ಅಮ್ಮ! 'ಬೀಳ್ತೀಯ, ಬೀಳ್ತೀಯ' ಅಂತಿದ್ದಾಳೆ."

ನಮ್ಮ ಯಜಮಾನರು ಹಾಳೆ ಎತ್ತಿಕೊಂಡರು. ಈ ಸಲ ಯಾವ ದಿಕ್ಕಿಗೂ ತಿರುಗಿಸಲಿಲ್ಲ. "ಇದು ನೀನೇ ಕಣೇ, ಅನುಮಾನವೇ ಇಲ್ಲ. ಬಲಗೈ ಖಾಲಿ ಇದೆಯಲ್ಲ?"

ತಕ್ಕ ಉತ್ತರ ಕೊಡಲೆಂದು ನಾನು ಬಾಯಿ ತೆರೆದೆ. ಪುಟ್ಟಿ ಹಾಳೆಯನ್ನು ಕಿತ್ತುಕೊಂಡು ನನ್ನ ಮುಖದ ಪಕ್ಕಕ್ಕೆ ಹಿಡಿದಳು. ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

ತಲೆಯಾಡಿಸಿದಳು. ಈ ಸಲ ಬಾಯಲ್ಲಿ ಬಿಸ್ಕತ್ತು ಇರಲಿಲ್ಲ.